ಮಹಡಿಯ ಕೋಣೆಯ ದನಿಗಳು

ಪುಣೆಯಲ್ಲಿರುವ ಯುವಮಿತ್ರರಿಗೆ ನಳ ಸ್ಟಾಪ್ ಗೊತ್ತಿಲ್ಲದೆ ಇರಲಾರದು. ಮುಂಬಯಿ, ಹೈದರಾಬಾದು, ದಿಲ್ಲಿಗಳಲ್ಲಿ ಕುಳಿತು ಈ ಪುಟ ಓದುತ್ತಿರುವವರಿಗಾಗಿ ಹೇಳುತ್ತೇನೆ: ಅದು ಕರ್ವೆ ರಸ್ತೆಯಲ್ಲಿರುವ ಒಂದು ಚೌಕ. ಮರಾಠಿಯಲ್ಲಿ ನಳ ಎಂದರೆ ನಲ್ಲಿ. ನಲವತ್ತು ವರ್ಷದಿಂದ ಈ ಊರಲ್ಲಿದ್ದೇನೆ, ಆ ನಲ್ಲಿಯನ್ನು ನಾನಂತೂ ಕಂಡಿಲ್ಲ. 2022ರಿಂದ ಅಲ್ಲಿ ತಲೆಯ ಮೇಲೆ ಮೆಟ್ರೋ ಓಡುತ್ತಿದೆ. ನೀವು ಮೆಟ್ರೋ ಇಳಿದು, ವಾಹನಗಳ ಗದ್ದಲ ದಾಟಿ ಉತ್ತರಕ್ಕೆ ಮುಖಮಾಡಿದರೆ ಮುಂದೆ ಚಾಚಿಕೊಂಡಿರುವುದೇ ಲಾ ಕಾಲೇಜು ರಸ್ತೆ.

ವಾರಕ್ಕೆ ಮೂರು ಮಧ್ಯಾಹ್ನ ನಾನು ಈ ದಾರಿಯಲ್ಲಿ ಕೆಲಸಕ್ಕೆ ನಡೆದು ಹೋಗುತ್ತೇನೆ. ಉಳಿದ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಅಕ್ಕಿಬೇಳೆ ಅದರಿಂದ. ಮಧ್ಯಾಹ್ನದ್ದು ಅರೆಕಾಲಿಕ. ಏನು ಕೆಲಸವೆಂದು ನೆಂಟರು ಕೇಳಿದರೆ, "ಹಳೇ ಕ್ಯಾಸೆಟ್ಟುಗಳನ್ನ ಕಂಪ್ಯೂಟರಿಗೆ ಹಾಕೋದು" ಎನ್ನುತ್ತೇನೆ. "ಅದಕ್ಕೂ ಸಂಬಳ ಕೊಡ್ತಾರಾ?" ಎಂಬುದು ಎಲ್ಲರ ಎರಡನೆಯ ಪ್ರಶ್ನೆ. ಕೊಡುತ್ತಾರೆ. ಎಷ್ಟು ಎಂಬ ಮೂರನೆಯ ಪ್ರಶ್ನೆಯನ್ನು ದಯವಿಟ್ಟು ನೀವು ಕೇಳಬೇಡಿ.

ಆದರೆ ನೀವು ಒಮ್ಮೆ ನನ್ನ ಜೊತೆ ಈ ರಸ್ತೆಯಲ್ಲಿ ನಡೆದು ಬರಬೇಕು. ನೆನಪನ್ನು ಕಾಪಾಡುವ ಸಂಸ್ಥೆಗಳು ಇಷ್ಟು ಒತ್ತಾಗಿ ಒಂದೇ ದಾರಿಯಲ್ಲಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. 1917ರಲ್ಲಿ ಹುಟ್ಟಿದ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಇಲ್ಲಿದೆ. ಅಲ್ಲಿರುವ ಹಸ್ತಪ್ರತಿಗಳು 25,000ಕ್ಕೂ ಹೆಚ್ಚು. ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇಲ್ಲಿದೆ. 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದ ಪ್ರಭಾತ್ ಸ್ಟುಡಿಯೋದ ಅಂಗಳದಲ್ಲೇ 1960ರಲ್ಲಿ ಅದು ಶುರುವಾಯಿತು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಇಲ್ಲೇ. 1964ರಲ್ಲಿ ಆರಂಭವಾದ ಅದನ್ನು ಕಟ್ಟಿದವರು ಪಿ. ಕೆ. ನಾಯರ್. ಫಾಲ್ಕೆಯವರ ಚಿತ್ರಗಳಲ್ಲಿ ಇಂದು ನಮಗೆ ನೋಡಲು ಉಳಿದಿರುವಷ್ಟು ಉಳಿದದ್ದು ಆ ಮನುಷ್ಯನ ಹಟದಿಂದ. ಅವರು 2016ರಲ್ಲಿ ತೀರಿಕೊಂಡರು. 2022ರಲ್ಲಿ ಸಂಗ್ರಹಾಲಯವನ್ನು ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಸಿದರು.

ಹೊರಗಿನಿಂದ ನೋಡಿದರೆ ಎಲ್ಲವೂ ಮರಗಳ ನೆರಳಿನ ಶಾಂತವಾದ ಆವರಣಗಳು. ಹಾಗೆಂದು ಭದ್ರ ಎಂದುಕೊಳ್ಳಬೇಡಿ. 2003ರ ಜನವರಿ 8ರಂದು ಈ ರಸ್ತೆಯ ಒಂದು ಉಗ್ರಾಣದಲ್ಲಿ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಫಿಲ್ಮಿನ ಸುರುಳಿಗಳು ಸುಟ್ಟುಹೋದವು. ನೈಟ್ರೇಟ್ ಫಿಲ್ಮು ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಬೆಂಕಿಯೇ ಬೀಳಬೇಕೆಂದೂ ಇಲ್ಲ. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣಗೊಂಡದ್ದು ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದಾರಿಯಾದ ಕೊಲ್ಹಾಪುರದಲ್ಲಿ. 1934ರ ಮಾರ್ಚಿಯಲ್ಲಿ ಬೆಂಗಳೂರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಬೆಳ್ಳಿತೆರೆಯ ಮೇಲೆ ಕನ್ನಡ ಮೊದಲ ಸಲ ಮಾತಾಡಿದಾಗ ಹೇಗೆ ಕೇಳಿಸಿತು ಎಂಬುದು ನಮಗಿನ್ನು ಎಂದೂ ತಿಳಿಯದು.

ನಾನು ಕೆಲಸ ಮಾಡುವುದು ಇಂಥ ಯಾವ ದೊಡ್ಡ ಸಂಸ್ಥೆಯಲ್ಲೂ ಅಲ್ಲ. ಅಡ್ಡ ಓಣಿಯಲ್ಲೊಂದು ಹಳೆಯ ಬಂಗಲೆ. ಅದರ ಮಹಡಿಯಲ್ಲಿ, ಒಂದು ಚಿಕ್ಕ ವಿಶ್ವಸ್ತ ಮಂಡಳಿಯ ಎರಡು ಕೋಣೆ. ಒಂದರಲ್ಲಿ ಯಂತ್ರಗಳು, ಇನ್ನೊಂದರಲ್ಲಿ ಪೆಟ್ಟಿಗೆಗಳು. ಜನ ತಮ್ಮ ಮನೆಯ ಕ್ಯಾಸೆಟ್ಟು, ಸ್ಪೂಲು, ವಿಡಿಯೋ ಟೇಪುಗಳನ್ನು ತಂದುಕೊಡುತ್ತಾರೆ. ಮರಾಠಿಯವೇ ಬಹಳ, ಗುಜರಾತಿ, ಸಿಂಧಿ ಕೂಡ ಉಂಟು. ಕನ್ನಡದ್ದು ಬಂದರೆ ನನ್ನ ಮೇಜಿಗೆ.

ಭಂಡಾರಕರ್ ಸಂಸ್ಥೆಯ ತಾಳೆಗರಿಯನ್ನು ಓದಲು ಬೆಳಕು, ಕಣ್ಣು, ಲಿಪಿಜ್ಞಾನ ಸಾಕು. ಟೇಪಿಗೆ ಸಾಲದು. ಅದನ್ನು ಬೆಳಕಿಗೆ ಹಿಡಿದರೆ ಕಾಣುವುದು ಕಂದು ಬಣ್ಣದ ಪಟ್ಟಿ ಮಾತ್ರ. ಅದರೊಳಗೆ ನಿಮ್ಮ ಅಜ್ಜಿಯ ದನಿಯಿದೆಯೋ ಬರೀ ಗೊರಗೊರ ಸದ್ದೋ ಎಂದು ಹೇಳಲು ಯಂತ್ರವೇ ಬೇಕು. ಆ ಯಂತ್ರಗಳನ್ನೋ ಈಗ ಮಾಡುವವರಿಲ್ಲ. ಮನೆಮನೆಯಲ್ಲಿದ್ದ ವಿ.ಸಿ.ಆರ್. ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈಬಿಟ್ಟಿತು. ನಮ್ಮ ಕೋಣೆಯಲ್ಲಿ ಮೂರು ಕ್ಯಾಸೆಟ್ ಡೆಕ್ಕುಗಳಿವೆ; ನಾಲ್ಕನೆಯದು ಆ ಮೂರಕ್ಕೆ ಬಿಡಿಭಾಗ ಕೊಟ್ಟು ಕೊಟ್ಟು ಬರೀ ಪೆಟ್ಟಿಗೆಯಾಗಿದೆ. ರಿಪೇರಿ ಮಾಡುವವರೊಬ್ಬರು ಬುಧವಾರ ಪೇಟೆಯ ಕಡೆಯಿಂದ ಬರುತ್ತಾರೆ. ವಯಸ್ಸು ಎಪ್ಪತ್ತೊಂದು. ಅವರ ಮಗ ಮೊಬೈಲಿನ ಅಂಗಡಿ ಇಟ್ಟಿದ್ದಾನೆ.

ಕೆಲಸದ ರೀತಿ ಹೇಳುತ್ತೇನೆ, ಬೇಸರಿಸಬೇಡಿ. ಕ್ಯಾಸೆಟ್ಟು ಬಂದೊಡನೆ ಯಂತ್ರಕ್ಕೆ ತುರುಕುವಂತಿಲ್ಲ. ಮೊದಲು ಕಿಟಕಿಯ ಬಳಿ ಹಿಡಿದು ನೋಡಬೇಕು. ಪುಣೆಯ ಮಳೆಗಾಲ ಕಂಡ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕೂತಿರುತ್ತದೆ. ಅದನ್ನು ಬೇರೆಯಿಡಬೇಕು, ಇಲ್ಲದಿದ್ದರೆ ಯಂತ್ರದ ಮೂಲಕ ಉಳಿದವಕ್ಕೂ ಹತ್ತುತ್ತದೆ. ಹಳೆಯ ಸ್ಪೂಲಾದರೆ ಸುರುಳಿಯನ್ನು ದೀಪಕ್ಕೆ ಹಿಡಿಯಬೇಕು: ಬೆಳಕು ಹಾಯ್ದರೆ ಅಸಿಟೇಟ್, ಹಾಯದಿದ್ದರೆ ಪಾಲಿಯೆಸ್ಟರ್. ಈ ಭೇದ ಗೊತ್ತಿಲ್ಲದೆ ಮುಂದೆ ಹೋಗಬಾರದು. ಎಪ್ಪತ್ತು-ಎಂಬತ್ತರ ದಶಕದ ಕೆಲವು ಬಗೆಯ ಪಾಲಿಯೆಸ್ಟರ್ ಟೇಪುಗಳ ಅಂಟು ತೇವ ಹೀರಿಕೊಂಡು ಜಿಗಟಾಗುತ್ತದೆ. ಅವನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ಎಂಟು ತಾಸೋ ಅದಕ್ಕೂ ಹೆಚ್ಚೋ, ಸಂಡಿಗೆ ಒಣಗಿಸಿದ ಹಾಗೆ ಒಣಗಿಸಿದರೆ ಕೆಲವು ದಿನಗಳ ಮಟ್ಟಿಗೆ ನುಡಿಯುತ್ತವೆ. ಅಸಿಟೇಟನ್ನು ಹಾಗೆ ಮಾಡಿದಿರೋ, ಹಾಳು.

ಆಮೇಲೆ ಯಂತ್ರದ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸಣ್ಣ ತಿರುಪಿನಿಂದ ಅದರ ಓರೆಯನ್ನು ಸರಿಮಾಡಬೇಕು. ಮಂಕಾಗಿದ್ದ ದನಿ ತಿರುಪಿನ ಒಂದು ಕಾಲು ಸುತ್ತಿನಲ್ಲಿ ಥಟ್ಟನೆ ಕಂಬಳಿ ಸರಿಸಿದ ಹಾಗೆ ಸ್ಪಷ್ಟವಾಗುವ ಆ ಕ್ಷಣಕ್ಕಾಗಿಯೇ ನಾನು ಈ ಕೆಲಸ ಬಿಟ್ಟಿಲ್ಲವೆಂದು ಕಾಣುತ್ತದೆ. ವೇಗವನ್ನೂ ಪರೀಕ್ಷಿಸಬೇಕು. ಮನೆಯ ಟೇಪ್ ರೆಕಾರ್ಡರುಗಳು ಬ್ಯಾಟರಿ ಮುಗಿಯುತ್ತ ಬಂದಾಗ ನಿಧಾನವಾಗಿ ಓಡುತ್ತಿದ್ದವು. ಹಾಗೆ ಮುದ್ರಿಸಿದ್ದನ್ನು ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಅಜ್ಜಂದಿರೆಲ್ಲ ಚಿಕ್ಕ ಹುಡುಗರ ಹಾಗೆ ಚಿಲಿಪಿಲಿ ಎನ್ನುತ್ತಾರೆ. ಕರೆಂಟಿನ ಮೇಲೆ ಓಡಿಸಿ ಮುದ್ರಿಸಿದ್ದರೆ ಒಂದು ಉಪಾಯವುಂಟು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಅದರ ಗುಂಯ್‌ಗುಡುವಿಕೆ ಎಷ್ಟೋ ಟೇಪುಗಳ ತಳದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಅಳೆದಾಗ 52 ಬಂದರೆ ಟೇಪು ಜೋರಾಗಿ ಓಡುತ್ತಿದೆ ಎಂದರ್ಥ.

ಒಂದು ತಾಸಿನ ಟೇಪಿಗೆ ಒಂದು ತಾಸೇ ಬೇಕು. ಇದರಲ್ಲಿ ಅವಸರವಿಲ್ಲ, ಟೇಪು ಓಡುವಷ್ಟು ಹೊತ್ತು ಕೂತು ಕೇಳಲೇಬೇಕು. ಪೂರ್ಣ ಗುಣಮಟ್ಟದಲ್ಲಿ ಇಳಿಸಿಕೊಂಡರೆ ಒಂದು ತಾಸಿಗೆ ಸುಮಾರು 2 ಗಿಗಾಬೈಟು. ಅದನ್ನು ಮೂರು ಕಡೆ ಇಡಬೇಕು, ಒಂದಂತೂ ಬೇರೆ ಊರಿನಲ್ಲಿ. ಡಿಸ್ಕಿಗೆ ಹೋಯಿತು, ಇನ್ನು ಚಿರಂಜೀವಿ ಎಂದು ತಿಳಿಯುವವರನ್ನು ಕಂಡರೆ ನನಗೆ ನಗು. ಡಿಸ್ಕು ಟೇಪಿಗಿಂತ ಬೇಗ ಸಾಯುತ್ತದೆ, ಅದೂ ಮುನ್ಸೂಚನೆ ಕೊಡದೆ.

ಇಷ್ಟೆಲ್ಲ ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಹೆಚ್ಚು ಮುಖ್ಯವಾದದ್ದನ್ನು ಕಲಿತದ್ದು ಆಮೇಲೆ, ಅದೂ ತಡವಾಗಿ.

2021ರ ದೀಪಾವಳಿ ಮುಗಿದ ವಾರ, ರಿಕ್ಷಾದಲ್ಲಿ ಎರಡು ಟ್ರಂಕು ಹೇರಿಸಿಕೊಂಡು ಒಬ್ಬ ಹಿರಿಯರು ಬಂದರು. ಗದಗಿನ ಕಡೆಯವರು, ರಕ್ಷಣಾ ಇಲಾಖೆಯ ಲೆಕ್ಕಪತ್ರ ಕಚೇರಿಯಲ್ಲಿ ನೌಕರಿಗೆಂದು 1958ರಲ್ಲಿ ಪುಣೆಗೆ ಬಂದವರು. ಎಲ್ಲರಿಗೂ ಅವರು ಕಾಕಾ, ನನಗೂ ಕಾಕಾ. ಟ್ರಂಕಿನಲ್ಲಿ 118 ಕ್ಯಾಸೆಟ್ಟು, 14 ಸ್ಪೂಲು. "ನನಗ ಹಾಡಲಿಕ್ಕೆ ಬರೂದಿಲ್ಲ, ಭಾಷಣಾ ಮಾಡಲಿಕ್ಕೂ ಬರೂದಿಲ್ಲ. ಅದಕ್ಕ ಮೂಲ್ಯಾಗ ಕೂತು ಟೇಪ್ ಮಾಡ್ತಿದ್ದೆ" ಎಂದರು.

ಮೂವತ್ತು ವರ್ಷ ಪುಣೆಯ ಕನ್ನಡಿಗರು ಎಲ್ಲಿ ಸೇರಿದರೂ ಕಾಕಾ ಆ ಮೂಲೆಯಲ್ಲಿದ್ದರು. ರಾಜ್ಯೋತ್ಸವ, ಗಣೇಶ ಚೌತಿ, ಯಾರದೋ ಮನೆಯ ಹಾಡಿನ ಬೈಠಕು, ಮಕ್ಕಳ ನಾಟಕ, ಉಡುಪಿಯ ಕಡೆಯ ಹೋಟೆಲಿನವರು ರಾತ್ರಿ ಬಾಗಿಲು ಹಾಕಿದ ಮೇಲೆ ನಡೆಸುತ್ತಿದ್ದ ತಾಳಮದ್ದಳೆ. ನಿಮ್ಮ ಅಜ್ಜ, ಅಜ್ಜಿ, ತಂದೆ, ತಾಯಿ ಚಿಕ್ಕವರಾಗಿದ್ದ ಕಾಲ ಅದು. ಆದರೆ ಲೇಬಲ್ಲುಗಳನ್ನು ನೋಡಬೇಕು ನೀವು! "ಕಾರ್ಯಕ್ರಮ 2". "ಖಡಕಿ ಮನಿ". "ಮಳಿ". ಒಂದರ ಮೇಲೆ ಬರೀ "ಛಲೋ ಅದ". ಇನ್ನೊಂದರ ಮೇಲೆ "ಇದು ಬ್ಯಾಡ" (ಅದನ್ನೇ ಮೊದಲು ಕೇಳಿದೆ, ಯಾರದೋ ಒಂದೂಕಾಲು ತಾಸಿನ ಅಧ್ಯಕ್ಷ ಭಾಷಣ, ಕಾಕಾ ಬರೆದದ್ದು ಸರಿಯಾಗಿಯೇ ಇತ್ತು). ಹೆಸರುಗಳನ್ನು ಅವರು ಎಲ್ಲೂ ಬರೆದಿರಲಿಲ್ಲ. ಏಕೆ ಬರೆಯಬೇಕು? ಅವರಿಗೆ ಎಲ್ಲರೂ ಗೊತ್ತಿತ್ತು.

ಮೊದಮೊದಲು ಶನಿವಾರ ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ದನಿ ಶುರುವಾದ ಎರಡು ಸೆಕೆಂಡಿಗೆ ಹೆಸರು ಹೇಳುತ್ತಿದ್ದರು; ಹೆಸರಷ್ಟೇ ಅಲ್ಲ, ಊರು, ನೌಕರಿ, ಆ ದಿನ ಏನು ಉಂಡದ್ದು ಎಂಬುದೂ ಸೇರಿ. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, ಟೇಪಿನ ಹಿಸ್ಸೆನ್ನುವ ಸದ್ದನ್ನೂ ಹಿನ್ನೆಲೆಯ ಗಲಾಟೆಯನ್ನೂ ಕಂಪ್ಯೂಟರಿನಲ್ಲಿ ತೊಳೆದು ಹಸನು ಮಾಡಿ ಕೇಳಿಸಿದೆ. ಕಾಕಾ ತಲೆಯಾಡಿಸಿದರು: "ಎಲ್ಲಿದೋ ತಿಳೀವಲ್ದು." ತೊಳೆಯದ ಮೂಲವನ್ನು ಹಾಕಿದೆ. ಹಾಡಿನ ಹಿಂದೆ ದೂರದಲ್ಲಿ ರೈಲಿನ ಸಿಳ್ಳು. "ಹಾಂ! ಘೋರಪಡಿ! ರೈಲ್ವೆ ಕ್ವಾರ್ಟರ್ಸಿನ ಮನಿ. ಪ್ರತಿ ಹಾಡಿಗೂ ಒಂದು ಗಾಡಿ ಹೋಗ್ತಿತ್ತು." ನಾನು ಕಸವೆಂದು ಗುಡಿಸಿದ್ದರಲ್ಲೇ ವಿಳಾಸವಿತ್ತು. ಮೂಲವನ್ನು ಎಂದೂ ತೊಳೆಯಬಾರದೆಂಬ ನಿಯಮ ನಮ್ಮ ಕಸುಬಿನ ಪುಸ್ತಕಗಳಲ್ಲಿ ಮೊದಲ ಅಧ್ಯಾಯದಲ್ಲೇ ಇದೆ; ಓದಿದ್ದೆ, ಆದರೆ ನಂಬಿರಲಿಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಹೀಗೆ ಬಿಡಿಬಿಡಿಯಾಗಿ ಕೇಳಿಸುವುದು ನನಗೆ ಅಚ್ಚುಕಟ್ಟು ಎನ್ನಿಸಲಿಲ್ಲ. ಗಣಿತದವಳಲ್ಲವೇ! ಮೊದಲು ಅಷ್ಟನ್ನೂ ಇಳಿಸಿಕೊಂಡು, ಕ್ರಮಸಂಖ್ಯೆ ಹಾಕಿ, ಪಟ್ಟಿ ಸಿದ್ಧಮಾಡಿ, ಆಮೇಲೆ ಕಾಕಾ ಅವರನ್ನು ಕೂಡಿಸಿಕೊಂಡು ಒಂದೇ ಸಮ ಮುಗಿಸೋಣ ಎಂದುಕೊಂಡೆ. ಫೋನಿನಲ್ಲಿ ಹೇಳಿದೆ. "ಅವಸರ ಏನದ, ನಿನಗ ಅನುಕೂಲ ಆದಾಗ ಕರಿ" ಎಂದರು. ವಾರಕ್ಕೆ ಮೂರು ಮಧ್ಯಾಹ್ನದ ಕೆಲಸ, ನಡುವೆ ಮಕ್ಕಳ ಪರೀಕ್ಷೆ, ಒಂದು ತಿಂಗಳು ಡೆಕ್ಕು ಕೆಟ್ಟು ಕೂತಿತು. ಕೊನೆಯ ಕ್ಯಾಸೆಟ್ಟು ಮುಗಿದದ್ದು 2022ರ ಆಗಸ್ಟಿನಲ್ಲಿ. ಕಾಕಾ ಅವರಿಗೆ ಪಾರ್ಶ್ವವಾಯು ಬಡಿದದ್ದು ಜುಲೈಯಲ್ಲಿ.

ನೋಡಲು ಹೋದೆ. ಬಲಗೈ ಬಿದ್ದುಹೋಗಿತ್ತು. ಮಾತು ಹೋಗಿತ್ತು; ಒಂದೇ ಶಬ್ದ ಉಳಿದಿತ್ತು, "ಅದ". ಹಸಿವೆಗೂ ಅದ, ನೋವಿಗೂ ಅದ, ಬಂದವರಿಗೂ ಅದ. ನಾನು ಮೊಬೈಲಿನಲ್ಲಿ ಒಂದು ತುಣುಕು ಹಾಕಿದೆ. ಅವರ ಕಣ್ಣು ಅರಳಿದ ರೀತಿ ನೋಡಿದರೆ ಯಾವ ಅನುಮಾನವೂ ಇರಲಿಲ್ಲ: ದನಿ ಗುರುತು ಸಿಕ್ಕಿತ್ತು, ಹೆಸರು ಒಳಗಿತ್ತು, ಹೊರಗೆ ಬರುತ್ತಿರಲಿಲ್ಲ. "ಅದ... ಅದ... ಅದ..." ಎನ್ನುತ್ತ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ನಾನು ಆ ದಿನ ಹೇಗೆ ಮನೆಗೆ ಬಂದೆನೋ ತಿಳಿಯದು.

ಆಮೇಲೆ ಒಂದು ದಾರಿ ಹುಡುಕಿದೆವು. ಅವರ ಕಪಾಟಿನಲ್ಲಿ ಹಳೆಯ ಸದಸ್ಯರ ಪಟ್ಟಿಯೊಂದು ಸಿಕ್ಕಿತು. ತುಣುಕು ಹಾಕುವುದು, ನಾನು ಹೆಸರು ಓದುತ್ತ ಹೋಗುವುದು, ಸರಿಯಾದ ಹೆಸರು ಬಂದಾಗ ಅವರು ಎಡಗೈಯಿಂದ ಮಂಚದ ಪಟ್ಟಿಗೆ ತಟ್ಟುವುದು. ಒಂದು ದನಿಗೆ ಕೆಲವೊಮ್ಮೆ ಅರ್ಧ ತಾಸು. ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ನಾನು ಕೊನೆಯ ಪುಟದವರೆಗೂ ಓದಿ ನಿಲ್ಲುತ್ತಿದ್ದೆ. ಅವರು ಗೋಡೆಗೆ ಮುಖ ತಿರುಗಿಸುತ್ತಿದ್ದರು. ಇಪ್ಪತ್ತಾರು ಸಲ ಹೋದೆ. ಸಿಕ್ಕ ಹೆಸರು ಹತ್ತೊಂಬತ್ತು.

ಈ ಇಪ್ಪತ್ತಾರು ಸಲವೂ ಚಹಾ ತಂದಿಟ್ಟವರು ಕಾಕು, ಅಂದರೆ ಕಾಕಾ ಅವರ ಹೆಂಡತಿ. ಒಂದು ಸಲ ಕಾಕಾ ಒಂದು ಹೆಸರಿಗೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಕಾಕು, "ಅವರಲ್ಲ ಅದು, ಅವರ ತಂಗಿ. ಅಕ್ಕಗ ಎಲ್ಲಿ ಹಾಡಲಿಕ್ಕೆ ಬರತಿತ್ತು?" ಎಂದರು. ಕಾಕಾ ಒಂದು ಗಳಿಗೆ ಕೇಳಿ, ನಕ್ಕು, ಮತ್ತೊಮ್ಮೆ ತಟ್ಟಿದರು. ನಾನು ತಬ್ಬಿಬ್ಬಾಗಿ, "ಕಾಕು, ನಿಮಗ ಇವರೆಲ್ಲಾ ಗೊತ್ತದ ಏನು?" ಎಂದೆ. "ಬೈಠಕು ಆದ ಮನ್ಯಾಗೆಲ್ಲಾ ಒಳಗ ನಾನೂ ಇದ್ದೆನಲ್ಲ. ಮೂವತ್ತು ಮಂದಿಗೆ ಚಹಾ ಯಾರು ಮಾಡ್ತಿದ್ದರು? ನೀ ನನ್ನ ಕೇಳಲೇ ಇಲ್ಲ."

ಕೇಳಿರಲಿಲ್ಲ ನಿಜ. ರೆಕಾರ್ಡರ್ ಹಿಡಿದವರು ಕಾಕಾ ಎಂದು ನೆನಪೂ ಕಾಕಾ ಅವರದೇ ಎಂದುಕೊಂಡುಬಿಟ್ಟಿದ್ದೆ. ಒಬ್ಬ ಹೆಂಗಸಾಗಿ ನಾನೇ ಹೀಗೆ ಮಾಡಿದೆನಲ್ಲ ಎಂಬುದು ಇನ್ನೂ ಚುಚ್ಚುತ್ತದೆ. ಗಂಡಸರ ಭಾಷಣಗಳಿಗೆ ಕಾಕಾ ಇದ್ದರು. ಹಾಡಿದ ಹೆಂಗಸರು, ಅತ್ತ ಮಕ್ಕಳು, ನಡುವೆ ಬಂದು "ತಾಟು ಹಾಕೇದ, ಏಳ್ರಿ" ಎನ್ನುವ ದನಿಗಳು ಎಲ್ಲವೂ ಕಾಕು ಅವರ ಖಾತೆಯಲ್ಲಿದ್ದವು. ಗುಂಪಿನಲ್ಲಿ ನಕ್ಕ ನಗುವಿನಿಂದಲೇ ಅವರು ಇಬ್ಬರನ್ನು ಗುರುತಿಸಿದರು.

ಹೆಸರು ತಪ್ಪಿದರೆ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಗಂಗೂಬಾಯಿ ಹಾನಗಲ್ಲರ ಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಇದ್ದ ಹೆಸರು ಹುಬ್ಬಳ್ಳಿಯ ಗಾಂಧಾರಿ. ಆ ದನಿಯೋ ಎಳೆಯ ಹುಡುಗಿಯ ತಾರಸ್ವರ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ನಮಗೆಲ್ಲ ಪರಿಚಯವಿರುವ ಆ ಗಂಭೀರ ದನಿಯಾಯಿತು. ಹೆಸರು ಬೇರೆ, ಕಂಠ ಬೇರೆ. ಇಬ್ಬರೂ ಒಬ್ಬರೇ ಎಂದು ಬಲ್ಲವರು ಹೇಳಿ ಬರೆದಿಡದೆ ಹೋಗಿದ್ದರೆ ಯಾವ ಯಂತ್ರವೂ ಅವರಿಬ್ಬರನ್ನು ಕೂಡಿಸುತ್ತಿರಲಿಲ್ಲ.

ಇದಕ್ಕೆ ಹಳಬರು ಒಂದು ಸರಳ ಪರಿಹಾರ ಕಂಡುಕೊಂಡಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಹಾಡುಗಳ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳುತ್ತಾಳೆ. ಬಹಳ ಜನ ಅದನ್ನು ಜಂಬವೆಂದು ತಿಳಿಯುತ್ತಾರೆ. ತಟ್ಟೆಗಳನ್ನು ಅಚ್ಚುಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲಿ ಎಂದು ಹಾಗೆ ಹೇಳಿಸುತ್ತಿದ್ದರು. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆ ಕಾಲದ ಎಷ್ಟೋ ಗಾಯಕಿಯರು ಮರೆತುಹೋದರು; ತನ್ನ ಹೆಸರನ್ನು ತಾನೇ ಹೇಳಿದವಳು ಉಳಿದಳು.

ಇನ್ನೊಂದು ದಾರಿಯೂ ಇದೆ, ನನಗೆ ಅದು ಹೆಚ್ಚು ಇಷ್ಟ. ಆರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ತಿರುಗಿ ಹಾಡು-ಕುಣಿತಗಳನ್ನು ಮುದ್ರಿಸಿಕೊಂಡರು. 1984ರಲ್ಲಿ ಅವರ ಶಿಷ್ಯ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿ ಆ ಮುದ್ರಣಗಳನ್ನು ಹಿಡಿದುಕೊಂಡು ಮತ್ತೆ ಅದೇ ದಾರಿಯಲ್ಲಿ ಹೊರಟರು. ನಡುವೆ ನಲವತ್ತಾರು ವರ್ಷ. ಹಾಡಿದವರನ್ನೋ ಅವರ ಮಕ್ಕಳನ್ನೋ ಹುಡುಕಿ, ಕೇಳಿಸಿ, ಏನು ಉಳಿದಿದೆ ಏನು ಬದಲಾಗಿದೆ ಎಂದು ವಿಚಾರಿಸಿದರು. ಊರಿಂದ ಹೋದ ದನಿ ಊರಿಗೆ ಮರಳಿ ಬಂದದ್ದು ಹೀಗೆ.

ನನಗೆ ಅಷ್ಟು ದೂರ ತಿರುಗುವ ಶಕ್ತಿಯಿಲ್ಲ, ಬಿಡುವೂ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. "ನಮಗೆ ಕನ್ನಡ ಓದಲು ಸರಿಯಾಗಿ ಬರುವುದಿಲ್ಲ" ಎಂದು ನಿಮ್ಮಲ್ಲಿ ಹಲವರು ಸಂಕೋಚಪಡುತ್ತೀರಿ; ಈ ಲೇಖನವನ್ನೂ ಕೆಲವರಿಗೆ ಅಮ್ಮನೇ ಓದಿ ಹೇಳುತ್ತಿರಬಹುದು. ನನಗೂ ಅಕ್ಷರ ಬಂದದ್ದು ಮದುವೆಯಾದ ಮೇಲೆ. ಆದರೆ ಈ ಕೆಲಸಕ್ಕೆ ಬೇಕಾದದ್ದು ಕಿವಿ. ಧಾರವಾಡದ "ಅದ"ಕ್ಕೂ ವಿಜಾಪುರದ "ಐತಿ"ಗೂ ಕುಂದಾಪುರದ "ಇತ್"ಗೂ ಇರುವ ಅಂತರವನ್ನು ನೀವು ಮಡಿಲಲ್ಲೇ ಕಲಿತಿದ್ದೀರಿ. ಕನ್ನಡದ ನಡುವೆ ಥಟ್ಟನೆ ಮರಾಠಿ ಬಂದರೆ ಅದೂ ನಿಮಗೆ ತಿಳಿಯುತ್ತದೆ. ಬೆಂಗಳೂರಿನಿಂದ ಕನ್ನಡ ಎಂ.ಎ. ಮಾಡಿದ ಒಬ್ಬ ಹುಡುಗ ಒಂದು ತಿಂಗಳು ನಮ್ಮಲ್ಲಿದ್ದ. ಒಳ್ಳೆಯವನೇ, ಆದರೆ ಕಾಕಾ ಅವರ ಟೇಪುಗಳಲ್ಲಿ ಅರ್ಧ ಮಾತು ಅವನಿಗೆ ಅರ್ಥವಾಗಲಿಲ್ಲ. ನಿಮಗಾದರೋ ಅದು ಮನೆಯ ಮಾತು.

ಕಾಕಾ 2024ರ ಫೆಬ್ರವರಿಯಲ್ಲಿ ಹೋದರು. ಕಾಕು ಇದ್ದಾರೆ, ಈಗ ಶನಿವಾರ ಅವರೇ ಬರುತ್ತಾರೆ, ಚಹಾ ನಾನು ಮಾಡುತ್ತೇನೆ. ನನ್ನ ಪಟ್ಟಿಯಲ್ಲಿ ಹೆಸರು ಸಿಗದ ದನಿಗಳು ಇನ್ನೂ ಮೂವತ್ತನಾಲ್ಕು. ಎಲ್ಲವನ್ನೂ ಇಲ್ಲಿ ಬರೆಯಲು ಸಂಪಾದಕರು ಬಿಡಲಾರರು. ಒಂದನ್ನು ಹೇಳುತ್ತೇನೆ, ನಿಮ್ಮ ಮನೆಯವರಿಗೆ ಓದಿ ಹೇಳಿ.

ಕ್ಯಾಸೆಟ್ಟು 63, ಎರಡನೆಯ ಬದಿ. ಲೇಬಲ್ಲಿನ ಮೇಲೆ "ಮಳಿ" ಎಂದಷ್ಟೇ ಇದೆ. ತಗಡಿನ ಮೇಲೆ ಜೋರಾಗಿ ಮಳೆ ಬೀಳುತ್ತಿದೆ. ಒಬ್ಬ ಹೆಂಗಸು ತೊಟ್ಟಿಲ ಹಾಡು ಹಾಡುತ್ತಿದ್ದಾಳೆ. ವಯಸ್ಸು ಮೂವತ್ತರ ಆಸುಪಾಸು ಇರಬಹುದು, ಮಾತು ವಿಜಾಪುರದ ಕಡೆಯದು. ಇದೇ ಹಾಡನ್ನು ನಾನು ಬೇರೆಲ್ಲೂ ಕೇಳಿಲ್ಲ, ಕಾಕು ಕೂಡ ಕೇಳಿಲ್ಲ. ನಾಲ್ಕು ನಿಮಿಷದ ನಂತರ ನಡುವೆಯೇ ನಿಲ್ಲಿಸಿ, "ಮುಂದಿಂದು ನನಗ ಬರೂದಿಲ್ರಿ, ನಮ್ಮವ್ವಗ ಬರ್ತಿತ್ತು" ಎನ್ನುತ್ತಾಳೆ. ಯಾರೋ ನಗುತ್ತಾರೆ. ಐದಾರು ವರ್ಷದ ಒಂದು ಮಗು ಮರಾಠಿಯಲ್ಲಿ, ಮಳೆ ಯಾವಾಗ ನಿಲ್ಲುತ್ತದೆ ಎಂದು ಕೇಳುತ್ತದೆ. ಹೆಂಗಸು ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಅಲ್ಲಿಗೆ ಟೇಪು ಮುಗಿಯುತ್ತದೆ, ಉತ್ತರ ಅರ್ಧವೇ ಸಿಕ್ಕಿದೆ. ಆ ಮಗುವಿಗೆ ಈಗ ಐವತ್ತರ ಹತ್ತಿರ ಆಗಿರಬೇಕು.

ಶನಿವಾರ ಮೂರು ಗಂಟೆಯ ಮೇಲೆ ನಾವಿಬ್ಬರೂ ಮಹಡಿಯಲ್ಲಿರುತ್ತೇವೆ. ವಿಳಾಸ ಸಂಘದ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಹಿರಿಯರನ್ನು ಕರೆತರುವವರು ಗಮನಿಸಿ: ಮೆಟ್ಟಿಲು ಹದಿನೆಂಟು, ಹಿಡಿದುಕೊಳ್ಳಲು ಕಟಕಟೆ ಬಲಗಡೆ ಮಾತ್ರ ಇದೆ.